ಉಬ್ಬುಮೀನಿಗೆ ನೀರಣ್ಣ ತಂದ ಗಿಡ

ನಮ್ಮ ಬೀದಿಯಲ್ಲಿ ಅವರ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಎಲ್ಲರ ಬಾಯಲ್ಲೂ ನೀರಣ್ಣ. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ದುಡಿದು ನಿವೃತ್ತರಾದವರು. ಕೆರೆಯಿಂದ ಬಂದ ನೀರು ತಿಳಿಯಾಗಲು ಪಟಿಕ, ರೋಗಾಣು ಸಾಯಲು ಕ್ಲೋರಿನ್, ಬೇಸಿಗೆಯಲ್ಲಿ ಪಾಚಿ ಕಟ್ಟಿ ಬಸವನಹುಳ ಹತ್ತಿಕೊಂಡರೆ ಮೈಲುತುತ್ತ. ಇವನ್ನೆಲ್ಲ ಬೇಕಾದಷ್ಟೇ ಅಳೆದು ಹಾಕುವುದು ಅವರ ಕೆಲಸವಾಗಿತ್ತು.

ಅದು ಅಂಜಿಕೆಯ ಕೆಲಸ, ನೀರಣ್ಣ ಸ್ವಭಾವದಲ್ಲೇ ಅಂಜುವ ಮನುಷ್ಯ. ಕೈ ತಪ್ಪಿ ಒಂದು ಹಿಡಿ ಹೆಚ್ಚು ಬಿದ್ದರೆ ಅದು ಯಾರ ಮನೆಯ ಮಗುವಿನ ಬಾಯಿಗೆ ಹೋಗುತ್ತದೋ ಎಂದು ಸದಾ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಅದಕ್ಕೇ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಪ್ರತಿ ಪಾಳಿಯ ಮೊದಲ ಲೋಟ ನೀರನ್ನು ತಾವೇ ಕುಡಿದು, ಗೋಡೆಗೊರಗಿ ಸ್ವಲ್ಪ ಹೊತ್ತು ಕೂರುವುದು. ಆಮೇಲೆ ವಾಲ್ವ್ ತಿರುಗಿಸುವುದು. ಜೊತೆಯವರು ಬಾಗಿಲಲ್ಲಿ ನಿಂತು, “ನೀರಣ್ಣ ಇನ್ನೂ ಉಸಿರಾಡ್ತಾ ಇದ್ದಾನೆ, ಬಿಡ್ರೋ ನೀರು!” ಎಂದು ನಗುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಯಾವ ಅಳತೆಯನ್ನೂ ಅವರು ಬರೆದಿಡುತ್ತಿರಲಿಲ್ಲ. ಪಂಪ್‌ಹೌಸಿನಲ್ಲಿ ಗೋಡೆಯೇ ಬೆವರುತ್ತದೆ, ಕಾಗದ ಎಲ್ಲಿ ಉಳಿಯಬೇಕು? “ಚೀಟಿ ಒದ್ದೆಯಾಗುತ್ತೆ, ತಲೆ ಒದ್ದೆಯಾಗಲ್ಲ” ಎನ್ನುತ್ತಿದ್ದರು. ಕೆಲಸ ಬಿಡುವವರೆಗೂ ಅವರ ಕೈಯಿಂದ ಒಂದು ತಪ್ಪೂ ಆಗಲಿಲ್ಲ. ಅಂಜಿಕೆ ಮಾತ್ರ ಅವರ ಜೊತೆ ನಿವೃತ್ತಿಯಾಗಲಿಲ್ಲ. ನಮ್ಮ ಮನೆಗೆ ಬಂದರೂ ಕೊಟ್ಟ ನೀರನ್ನು ಮೊದಲು ಮೂಸಿ ನೋಡಿಯೇ ಕುಡಿಯುತ್ತಿದ್ದರು. ಎದುರು ಮನೆಯವಳಾದ ನನಗೆ ಅದು ಅಭ್ಯಾಸವಾಗಿತ್ತು.

ಅವರ ಹೆಂಡತಿಯನ್ನು ಬೀದಿಯವರು ಟೈಲರಮ್ಮ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಕತ್ತರಿಗಿಂತ ಬಾಯಿ ಚೂಪು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಮಂಚವನ್ನು ಅದೇ ಮುಂದಿನ ಕೋಣೆಗೆ ತಂದು ಹಾಕಿದರು. ಹೊಲಿಗೆ ಮಿಷನ್ ಮೂಲೆ ಸೇರಿತು.

ರಕ್ತ ಗಟ್ಟಿಯಾಗದಿರಲು ಡಾಕ್ಟರು ಒಂದು ಮಾತ್ರೆ ಕೊಟ್ಟಿದ್ದರು. ಒಂದು ದಿನ ಇಡೀ ಮಾತ್ರೆ, ಮರುದಿನ ಅರ್ಧ. ಕಡಿಮೆಯಾದರೆ ರಕ್ತ ಹೆಪ್ಪುಗಟ್ಟಿ ಎದೆಗೆ ಹೋಗಬಹುದು, ಹೆಚ್ಚಾದರೆ ಒಳಗೇ ಸೋರಬಹುದು ಎಂದು ಎಚ್ಚರಿಸಿದ್ದರು. ಹೇಳಿದ್ದು ಸರಿಯಾದ ಮನುಷ್ಯನಿಗೇ. ನೀರಣ್ಣ ಮಾತ್ರೆಗಳ ಪುಟ್ಟ ಡಬ್ಬಿಯನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡರು. ಇಡೀದು, ಅರ್ಧ, ಇಡೀದು, ಅರ್ಧ. ಲೆಕ್ಕ ಎಂದಿನಂತೆ ತಲೆಯಲ್ಲಿ.

ಮಗಳಿಗೆ ಮಾತ್ರ ಸಮಾಧಾನವಿರಲಿಲ್ಲ. ಅವಳಿಗೆ ಬಸ್ ಡಿಪೋದಲ್ಲಿ ಕೆಲಸ, ಊರಿನ ಇನ್ನೊಂದು ತುದಿಯಲ್ಲಿ ಅತ್ತೆ ಮಾವನ ಜೊತೆ ಮನೆ. ಅಲ್ಲಿ ಇನ್ನೊಂದು ಮಂಚಕ್ಕೆ ಜಾಗವಾಗುವುದೇ ಹೆಚ್ಚು.

“ಅಪ್ಪಾ, ನಿಮ್ಮೊಬ್ಬರ ಕೈಲಿ ಆಗಲ್ಲ. ಅಮ್ಮ ನನ್ನ ಮನೇಲಿ ಇರಲಿ. ನೀವು ಇಲ್ಲೇ ಇದ್ದು, ವಾರಕ್ಕೊಂದು ಸಲ ಬಂದು ನೋಡ್ಕೊಂಡು ಹೋಗಿ,” ಎಂದು ಬಂದಾಗಲೆಲ್ಲ ಹೇಳುತ್ತಿದ್ದಳು.

“ಈ ವಯಸ್ಸಲ್ಲಿ ನನ್ನನ್ನ ನೋಡೋಕೆ ಅವರು ಬಸ್ಸು ಹತ್ತಿ ಬರಬೇಕಾ? ಮದುವೆಗೆ ಮುಂಚೆಯೂ ಅಷ್ಟು ಕಷ್ಟ ಕೊಟ್ಟಿರಲಿಲ್ಲ ಕಣೇ,” ಎಂದು ಟೈಲರಮ್ಮ ನಗೆಯಾಡಿ ಮಾತು ತೇಲಿಸುತ್ತಿದ್ದರು. ನೀರಣ್ಣ ನಗುತ್ತಿರಲಿಲ್ಲ. ಮಗಳು ತನ್ನ ಕೈಯನ್ನು, ಜೇಬನ್ನು, ಒಲೆಯ ಮೇಲೆ ಉಕ್ಕಿದ ಹಾಲಿನ ಕಲೆಯನ್ನು ಒಂದೊಂದಾಗಿ ನೋಡುತ್ತಿದ್ದಾಳೆ ಎಂದು ಅವರಿಗೆ ಗೊತ್ತಿತ್ತು. ಒಂದು ತಪ್ಪು ಸಾಕು. ಮಂಚ ಖಾಲಿಯಾಗುತ್ತದೆ.

ಇಂಥ ಹೊತ್ತಿನಲ್ಲಿ ಮೀನು ಬಂತು.

ಮಗಳ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಬಣ್ಣದ ವಾಸನೆ ಆಗದು ಎಂದು ಅವಳು ತನ್ನ ಗಾಜಿನ ತೊಟ್ಟಿಯನ್ನು ಇಲ್ಲಿಗೆ ಸಾಗಿಸಿದಳು. ಅಮ್ಮನಿಗೂ ಹೊತ್ತು ಹೋಗುತ್ತದೆ ಎಂಬುದು ಅವಳ ಲೆಕ್ಕ. ಬಟ್ಟೆ ಕತ್ತರಿಸುವ ದಪ್ಪ ಮೇಜಿನ ಮೇಲೆ, ಮಂಚಕ್ಕೆ ಕೈಗೆಟುಕುವಷ್ಟು ಹತ್ತಿರ ತೊಟ್ಟಿ ಕೂತಿತು. ಒಳಗಿದ್ದದ್ದು ಒಂದೇ ಮೀನು. ಹೆಬ್ಬೆರಳಿನಷ್ಟು ಉದ್ದ, ಹಳದಿ ಮೈ, ಕಪ್ಪು ಚುಕ್ಕೆ, ಬಿಳಿ ಹೊಟ್ಟೆ. ಹೆದರಿದರೆ ಚೆಂಡಿನಂತೆ ಊದಿಕೊಳ್ಳುವ ಪಫರ್ ಜಾತಿ. ಸಮುದ್ರದ್ದಲ್ಲ, ಸಿಹಿನೀರಿನದು. ಎರಡು ಕಣ್ಣು ಎರಡು ಕಡೆ ತಿರುಗುತ್ತವೆ. ಒಂದರಲ್ಲಿ ಆಹಾರ, ಇನ್ನೊಂದರಲ್ಲಿ ನಮ್ಮನ್ನು ನೋಡುತ್ತದೆ.

ಟೈಲರಮ್ಮ ಅದಕ್ಕೆ ಡೊಳ್ಳಪ್ಪ ಎಂದು ಹೆಸರಿಟ್ಟರು. ದಾರ ಕೀಳುವ ಚಿಮಟದಲ್ಲಿ ಕೆಂಪು ಹುಳ ಹಿಡಿದು ತಾವೇ ತಿನ್ನಿಸುತ್ತಿದ್ದರು. ಅದಕ್ಕಾಗಿ ದಿಂಬಿಗೊರಗಿ ಎದ್ದು ಕೂರಲು ಶುರುಮಾಡಿದರು. ಎರಡೇ ದಿನದಲ್ಲಿ ಅವರು ಇನ್ನೊಂದನ್ನು ಗಮನಿಸಿದರು. ಮೀನು ಒಂದೇ ಗಾಜಿಗೆ ಮೂತಿ ಒತ್ತಿ ಮೇಲೆ ಕೆಳಗೆ, ಮೇಲೆ ಕೆಳಗೆ ಓಡುತ್ತಲೇ ಇತ್ತು. ಹೊಟ್ಟೆ ಬೂದಿಬಣ್ಣಕ್ಕೆ ತಿರುಗಿತ್ತು.

“ರೀ, ಇದಕ್ಕೆ ಮರೆಯಾಗೋಕೆ ಒಂದು ಮೂಲೆ ಇಲ್ಲ. ನೋಡಿ ಇಲ್ಲಿ, ನಾಲ್ಕೂ ಕಡೆ ಗಾಜು. ಆಸ್ಪತ್ರೇಲಿ ನನ್ನ ಗತಿ ಇದೇ ಆಗಿತ್ತು. ಪರದೆ ಎಳೀರಮ್ಮಾ ಅಂತ ಎಷ್ಟು ಸಲ ಬೇಡ್ಕೊಂಡೆ.”

ಮಗಳಿಗೆ ಫೋನ್ ಮಾಡಿದರು. ಇದ್ದ ಪ್ಲಾಸ್ಟಿಕ್ ಗಿಡಗಳನ್ನು ಮೀನು ಕಚ್ಚಿ ಹಾಳುಮಾಡಿತ್ತಂತೆ, ಸಾಗಿಸುವಾಗ ಎಸೆದಳಂತೆ. “ಜೀವ ಇರೋ ಗಿಡ ತಂದು ಹಾಕಿ ಅಪ್ಪಾ. ಅಂಗಡಿಯವರನ್ನ ಕೇಳಿ, ಅವರು ಹೇಳಿದ ಹಾಗೆ ಮಾಡಿ. ನಾನು ನಾಳೆ ಸಂಜೆ ಡ್ಯೂಟಿ ಮುಗಿಸಿ ಬರ್ತೀನಿ,” ಎಂದಳು. ಇಷ್ಟು ಸಣ್ಣ ಮಾತು. ಆದರೆ ನೀರಣ್ಣನ ಕಿವಿಗೆ ಅದು ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸಿತು.

ಬಣ್ಣದ ಮೀನಿನ ಅಂಗಡಿ ದೊಡ್ಡ ರಸ್ತೆಯ ತಿರುವಿನಲ್ಲಿತ್ತು. ಕಿರಿದಾದ ಕತ್ತಲೆ ಕೋಣೆ, ಸಾಲು ಸಾಲು ತೊಟ್ಟಿಗಳು, ಗುಳುಗುಳು ಗಾಳಿ ಪಂಪುಗಳ ಸದ್ದು. ನಡೆಸುತ್ತಿದ್ದವಳು ಒಬ್ಬ ಹೆಂಗಸು. ಮೊಣಕೈವರೆಗೆ ಒದ್ದೆ, ಬಾಯಿ ತುಂಬ ಮಾತು.

“ಯಾವ ಮೀನಿಗೆ ಯಜಮಾನ್ರೇ?”

“ಹೊಟ್ಟೆ ಊದಿಸ್ಕೊಳ್ಳುತ್ತಲ್ಲ ತಾಯಿ, ಅದಕ್ಕೆ.”

“ಅಯ್ಯೋ ಅದಾ! ಅದು ಮೀನಲ್ಲ, ಕತ್ತರಿ. ಗಿಡ ತಿನ್ನಲ್ಲ, ಆದ್ರೆ ಬೇಜಾರಾದ್ರೆ ಕತ್ತರಿಸಿ ಕತ್ತರಿಸಿ ತೇಲಿಬಿಡುತ್ತೆ. ಈ ನವಿರು ಎಲೆಯದು ನೋಡೋಕೆ ಚೆಂದ, ಅದರ ಮುಂದೆ ವಾರ ಬಾಳಲ್ಲ. ನಿಮಗೆ ಇದು ಬೇಕು.” ಅವಳು ಮರದ ತುಂಡಿಗೆ ಅಂಟಿಕೊಂಡ, ಚರ್ಮದಂಥ ಕಡುಹಸಿರು ಎಲೆಯ ಗಿಡವೊಂದನ್ನು ಎತ್ತಿದಳು. “ಅನುಬಿಯಾಸ್ ಅಂತಾರೆ. ನಾನು ದಪ್ಪೆಲೆ ಅಂತೀನಿ. ಇದರ ಗೆಡ್ಡೆ ಮರಳಲ್ಲಿ ಹೂಳಬಾರದು, ಕೊಳೆಯುತ್ತೆ. ಮರಕ್ಕೆ ಕಟ್ಟಿದ ಹಾಗೇ ಇಡಿ. ಹಿಂದುಗಡೆ ಈ ಪಟ್ಟಿ ಹುಲ್ಲು, ನೀರಿನ ಮಟ್ಟಕ್ಕೆ ಬೆಳೆದು ಪರದೆ ಕಟ್ಟುತ್ತೆ. ಮೇಲೆ ತೇಲೋ ಗಿಡ ಒಂದಿಷ್ಟು, ಬೆಳಕು ಕಣ್ಣಿಗೆ ಹೊಡೀಬಾರದು. ಮಧ್ಯದಲ್ಲಿ ಈ ಪಾಚಿ.”

“ಪಾಚಿಯಾ?” ನೀರಣ್ಣ ಒಂದು ಹೆಜ್ಜೆ ಹಿಂದೆ ಸರಿದರು. “ಜೀವಮಾನ ಪೂರ್ತಿ ಪಾಚಿ ಕೆರೆದವನು ನಾನು. ಈಗ ಅಂಗಡಿಯಿಂದ ಪಾಚಿ ತಗೊಂಡು ಹೋಗಲಾ?”

“ಕೆರೆದ ಪಾಪ ಕಳ್ಕೊಳ್ಳಿ!” ಎಂದು ಅವಳು ಗಟ್ಟಿಯಾಗಿ ನಕ್ಕಳು. “ಈ ಪಾಚಿ ಒಳಗೆ ಸಣ್ಣ ಸಣ್ಣ ಹುಳ ಹುಟ್ತಾವೆ, ಮೀನು ದಿನವಿಡೀ ಹುಡುಕ್ತಾ ಇರುತ್ತೆ. ಕೆಲಸ ಇದ್ರೆ ಭಯ ಇಲ್ಲ ನೋಡಿ, ಮನುಷ್ಯರ ಹಾಗೇ. ಮುಂದುಗಡೆ ಮಾತ್ರ ಸ್ವಲ್ಪ ಮರಳು ಬಯಲು ಬಿಡಿ.”

ಅವಳು ಗಿಡವನ್ನು ಅವರ ಕೈಗೆ ಕೊಟ್ಟಳು. ದಪ್ಪೆಲೆಯ ಅಡಿಯಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಸವನಹುಳವೊಂದು ಮೆಲ್ಲಗೆ ಹೊರಬಂದು ಅವರ ಹೆಬ್ಬೆರಳಿಗೆ ಹತ್ತಿತು. ನೀರಣ್ಣನ ಮೈ ಮುಳ್ಳೆದ್ದಿತು. ಪಂಪ್‌ಹೌಸಿನಲ್ಲಿ ಇಂಥ ಒಂದು ಹುಳ ಕಂಡರೆ ತೊಟ್ಟಿಯನ್ನೇ ಬರಿದು ಮಾಡುತ್ತಿದ್ದರು.

“ಅದು ಇರಲಿ ಬಿಡಿ, ಅದೇ ಬೇಕಾದ್ದು,” ಅವಳು ಹೇಳುತ್ತಿದ್ದಳು. “ಈ ಮೀನಿನ ಹಲ್ಲು ನಮ್ಮ ಉಗುರಿನ ಹಾಗೆ ಬೆಳೀತಾನೇ ಇರುತ್ತೆ. ಹುಳದ ಚಿಪ್ಪು ಕಡಿದು ಕಡಿದು ಸವೀಬೇಕು. ಮನೇಲಿ ಬರೀ ನೀರಲ್ಲಿ ಜಾಲಿಸಿ, ಬೇರೆ ಔಷಧಿ ಏನೂ ಮುಟ್ಟಿಸಬೇಡಿ. ಈ ಮೀನಿನ ಮೈಮೇಲೆ ಹುರುಪೆ ಇಲ್ಲ, ಏನು ಹಾಕಿದ್ರೂ ಸೀದಾ ಒಳಗೆ ಹೋಗುತ್ತೆ. ಗೊತ್ತಾಯ್ತಾ? ಔಷಧಿ ಏನೂ ಬೇಡ.”

“ಹೂಂ, ಹೂಂ,” ಎಂದರು ನೀರಣ್ಣ, ಹೆಬ್ಬೆರಳನ್ನೇ ನೋಡುತ್ತ.

ಮನೆಗೆ ಬಂದವರು ಸೀದಾ ಹಿತ್ತಲಿಗೆ ಹೋದರು. ಮೇಲಿನ ನೀರಿನ ಟ್ಯಾಂಕಿಗೆಂದು ಇಟ್ಟಿದ್ದ ಮೈಲುತುತ್ತದ ಶೀಸೆ ತೆಗೆದರು. ಹೊಲಕ್ಕೆ ಹೊಡೆಯಲು ಕಲಸುವಾಗ ನಮ್ಮ ಅಪ್ಪನ ಕೈ ಅದರಿಂದ ನೀಲಿಯಾಗಿರುತ್ತಿದ್ದುದು ನನಗೆ ನೆನಪಿದೆ. ನೀರಣ್ಣನ ಬೆರಳು ಮಾತ್ರ ನೀಲಿಯಾಗುತ್ತಿರಲಿಲ್ಲ, ಅಷ್ಟು ಅಚ್ಚುಕಟ್ಟು. ಬಕೆಟ್ಟಿನ ನೀರು ತಿಳಿನೀಲಿಗೆ ಬಂದಾಗ ಗಿಡಗಳನ್ನು ಮುಳುಗಿಸಿದರು. ಹುಳಗಳು ಒಂದೊಂದಾಗಿ ಕಳಚಿ ತಳಕ್ಕೆ ಬಿದ್ದವು. ಆಮೇಲೆ ಗಿಡಗಳನ್ನು ಮತ್ತೆ ಮತ್ತೆ ತೊಳೆದರು. ಅವರ ಮನಸ್ಸಿಗೆ ಬಹಳ ದಿನಗಳ ಮೇಲೆ ನೆಮ್ಮದಿಯಾಗಿತ್ತು. ಇದು ಅವರಿಗೆ ಗೊತ್ತಿದ್ದ ಕೆಲಸ.

ಗಿಡ ನೆಡುವಾಗ ಟೈಲರಮ್ಮ ಮಂಚದಿಂದಲೇ ಮೇಸ್ತ್ರಿಕೆ ಮಾಡಿದರು.

“ಉದ್ದದ್ದು ಹಿಂದೆ ರೀ. ಗಿಡ್ಡದ್ದು ಮುಂದೆ. ಲಂಗದ ಅಂಚು ಹಿಡಿದ ಹಾಗೆ ಸ್ವಲ್ಪ ನೆರಿಗೆ ಬರಲಿ. ಅಯ್ಯೋ, ಅಷ್ಟು ಬಿಗಿ ಬೇಡ, ಡೊಳ್ಳಪ್ಪನಿಗೆ ಹೊಟ್ಟೆ ಇದೆ!”

ಮೀನು ಮೊದಲು ಮೂಲೆಯಲ್ಲಿ ನಿಂತು ನೋಡಿತು. ಆಮೇಲೆ ಪಟ್ಟಿ ಹುಲ್ಲಿನ ನಡುವೆ ನುಸುಳಿ ಕಾಣದಂತಾಯಿತು. ಗಾಜಿಗೆ ಮೂತಿ ತಿಕ್ಕುವುದು ನಿಂತಿತು. ಗಂಡ ಹೆಂಡತಿ ಚಹಾ ಕುಡಿಯುತ್ತ, ಎಲೆಗಳ ಸಂದಿಯಲ್ಲಿ ಒಂದೇ ಕಣ್ಣು ಹೊಳೆಯುವುದನ್ನು ನೋಡಿದರು. “ಈಗ ಅದು ಪರದೆ ಹಿಂದೆ ಕೂತು ನಮ್ಮ ಬಗ್ಗೆ ಆಡ್ಕೊಳ್ತಿದೆ,” ಎಂದರು ಟೈಲರಮ್ಮ.

ಮರುದಿನ ಬೆಳಿಗ್ಗೆ ಅವರೇ ಮೊದಲು ಕರೆದರು.

“ರೀ, ಡೊಳ್ಳಪ್ಪ ಎದ್ದಿಲ್ಲ.”

ಮೀನು ಮರಳಿನ ಮೇಲೆ ಒಂದು ಕಡೆಗೆ ವಾಲಿ ಬಿದ್ದಿತ್ತು. ಹಳದಿ ಬಣ್ಣ ಹೋಗಿ ಮಾಸಿದ ಬಟ್ಟೆಯಂತಾಗಿತ್ತು. ಕಿವಿರು ಹಾರುತ್ತಿತ್ತು. ಚಿಮಟದಲ್ಲಿ ಹುಳ ಹಿಡಿದು ಮೂತಿಯ ಹತ್ತಿರ ತಂದರೂ ಕಣ್ಣು ತಿರುಗಿಸಲಿಲ್ಲ. ನೀರಣ್ಣ “ನಿದ್ದೆ ಇರಬೇಕು,” ಎಂದರು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಅಂಗಡಿಯಾಕೆ ಆಗತಾನೇ ಷಟರ್ ಎತ್ತುತ್ತಿದ್ದಳು. ಎಲ್ಲ ಕೇಳಿ, “ನೀರಿಗೆ ಏನಾದ್ರೂ ಹಾಕಿದ್ರಾ?” ಎಂದಳು.

“ಏನೂ ಇಲ್ಲ ತಾಯಿ. ಗಿಡ ಸ್ವಚ್ಛ ಮಾಡಿದೆ ಅಷ್ಟೆ. ಮೈಲುತುತ್ತದಲ್ಲಿ.”

ಅವಳ ಕೈ ಷಟರಿನ ಮೇಲೇ ನಿಂತಿತು.

“ಯಜಮಾನ್ರೇ... ಅದರಲ್ಲಿರೋದು ತಾಮ್ರ. ಹುಳ ಸಾಯಿಸೋದು ಆ ಮೀನನ್ನ ಬಿಡುತ್ತಾ? ಎಷ್ಟು ತೊಳೆದ್ರೂ ಪಾಚಿಯೊಳಗೆ ನಿಲ್ಲುತ್ತೆ. ನಾನು ಹೇಳಿದ್ನಲ್ಲ, ಔಷಧಿ ಏನೂ ಬೇಡ ಅಂತ! ಎರಡೆರಡು ಸಲ ಹೇಳಿದೆ. ನೀವು ಹೂಂ ಅಂದ್ರಿ.”

ನೀರಣ್ಣ ನೆನಪು ಮಾಡಿಕೊಳ್ಳಲು ನೋಡಿದರು. ದಪ್ಪೆಲೆ ನೆನಪಿತ್ತು. ಗೆಡ್ಡೆ ಹೂಳಬಾರದು ಎಂದದ್ದು ನೆನಪಿತ್ತು. ಪಾಚಿಯ ಮಾತಿಗೆ ಅವಳು ನಕ್ಕದ್ದೂ ನೆನಪಿತ್ತು. ಆ ಒಂದು ಮಾತಿನ ಜಾಗದಲ್ಲಿ ಏನೂ ಇರಲಿಲ್ಲ. ಮಸುಕಾಗಿಯೂ ಇರಲಿಲ್ಲ. ಗೋಡೆಯಿಂದ ಒಂದು ಇಟ್ಟಿಗೆ ತೆಗೆದ ಹಾಗೆ, ಅಲ್ಲಿ ಬರೀ ತೂತು.

ಅವಳು ಸುಮ್ಮನೆ ಕೂರಲಿಲ್ಲ. ತನ್ನ ತೊಟ್ಟಿಗಳ ಹಳೆಯ ನೀರನ್ನು ಎರಡು ಕ್ಯಾನಿಗೆ ತುಂಬಿದಳು. “ನಲ್ಲಿ ನೀರು ಹಾಕ್ಬೇಡಿ, ಕ್ಲೋರಿನ್ ಇರುತ್ತೆ. ಒಂದು ಬೇಸಿನ್‌ಗೆ ಈ ನೀರು ಹಾಕಿ ಮೀನನ್ನ ಅದಕ್ಕೆ ಬಿಡಿ. ಬಲೆಯಲ್ಲಿ ಎತ್ತಬೇಡಿ, ಗಾಳಿ ನುಂಗಿ ಊದಿಕೊಂಡರೆ ಕಷ್ಟ. ಮಗ್‌ನಲ್ಲಿ ನೀರಿನ ಸಮೇತ ತಗೊಳ್ಳಿ. ಗಿಡ ಎಲ್ಲಾ ಈಚೆ ತೆಗೀರಿ.” ಆಮೇಲೆ ದನಿ ಇಳಿಸಿ, “ಯಾರದು ಮೀನು?” ಎಂದಳು.

“ಮಗಳದು.”

“ನನ್ನ ಹತ್ರ ಅದೇ ಬಣ್ಣದ್ದು ಇನ್ನೊಂದಿದೆ. ಅಕಸ್ಮಾತ್ ಹೋಯ್ತು ಅಂದ್ರೆ ಬನ್ನಿ. ಅವಳಿಗೆ ಗೊತ್ತಾಗಲ್ಲ.”

ಕ್ಯಾನು ಹೊತ್ತು ನಡೆಯುವಾಗ ಅವರ ತಲೆಯಲ್ಲಿ ಮೀನಿರಲಿಲ್ಲ. ಅವಳು ಎರಡು ಸಲ ಹೇಳಿದ ಮಾತೇ ಕಳೆದುಹೋಗಿದ್ದರೆ ಇನ್ನೇನೇನು ಕಳೆದಿದೆ? ನಿನ್ನೆ ಸಂಜೆ ಕೊಟ್ಟ ಮಾತ್ರೆ ಇಡೀದೋ, ಅರ್ಧವೋ?

ಬೀದಿ ಮಧ್ಯದಲ್ಲಿ ನಿಂತು ಜೇಬಿನ ಡಬ್ಬಿ ತೆಗೆದರು. ಇಡೀ ಮಾತ್ರೆಗಳಿದ್ದವು, ಮೊದಲೇ ಮುರಿದಿಟ್ಟ ಅರ್ಧಗಳಿದ್ದವು. ಡಬ್ಬಿ ಏನೂ ಹೇಳಲಿಲ್ಲ. ನಿನ್ನೆ ಸಂಜೆ ಹೆಂಡತಿ ಲೋಟ ಹಿಡಿದದ್ದು ಕಣ್ಣಿಗೆ ಬಂತು. ಅದು ನಿನ್ನೆಯದೋ ಮೊನ್ನೆಯದೋ ತಿಳಿಯಲಿಲ್ಲ. ಎಲ್ಲ ಸಂಜೆಗಳೂ ಒಂದೇ ಲೋಟ, ಒಂದೇ ಕೈ.

ಮನೆಯಲ್ಲಿ ಅವರು ಮೀನನ್ನು ಮಗ್‌ನಲ್ಲಿ ಎತ್ತಿದರು. ಅದು ತಪ್ಪಿಸಿಕೊಳ್ಳಲೂ ಇಲ್ಲ, ಊದಿಕೊಳ್ಳಲೂ ಇಲ್ಲ. ಹೆದರುವ ಶಕ್ತಿಯೂ ಉಳಿದಿಲ್ಲವಲ್ಲ ಎಂದು ಅವರಿಗೆ ಇನ್ನೂ ಹೆದರಿಕೆಯಾಯಿತು. ಬೇಸಿನ್ನಿಗೆ ಬಿಟ್ಟು ಗಾಳಿಯ ಕೊಳವೆ ಇಳಿಬಿಟ್ಟರು. ಗಿಡಗಳನ್ನು ಕಿತ್ತು ಹಿತ್ತಲಿಗೆ ಎಸೆದರು. ನೆಲವೆಲ್ಲ ನೀರು.

“ಏನಾಯ್ತು ರೀ?”

“ಏನಿಲ್ಲ. ನೀರು ಬದಲಾಯಿಸ್ತಾ ಇದೀನಿ.”

ಟೈಲರಮ್ಮ ಮತ್ತೆ ಕೇಳಲಿಲ್ಲ. ಅವರು ಸುಮ್ಮನಿರುವುದು ಅಪರೂಪ. ಆ ದಿನವೆಲ್ಲ ಸುಮ್ಮನೇ ಇದ್ದರು, ಬೇಸಿನ್ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡುತ್ತ.

ನೀರಣ್ಣ ಹೆಂಡತಿಯ ಮುಖವನ್ನು ಕಳ್ಳನಂತೆ ಗಮನಿಸಿದರು. ತುಟಿ ಬಿಳಿಚಿದೆಯೇ? ತೋಳಿನ ಮೇಲೆ ನೀಲಿ ಕಲೆ ಇದೆಯೇ? ಒಂದು ಸಲ ಅವರು ಕೆಮ್ಮಿದ್ದಕ್ಕೆ ಇವರ ಜೀವ ಬಾಯಿಗೆ ಬಂತು. ಕೇಳಿಬಿಟ್ಟರೆ ಮುಗಿಯುತ್ತದೆ: ನಿನ್ನೆ ಎಷ್ಟು ಕೊಟ್ಟೆ? ಆದರೆ ಕೇಳಿದರೆ ಎಲ್ಲವೂ ಮುಗಿಯುತ್ತದೆ. ಸಂಜೆ ಮಗಳು ಬರುತ್ತಾಳೆ. ಮಾತು ಅವಳ ಕಿವಿಗೆ ಬಿದ್ದರೆ ಮಂಚ ಅಂದೇ ಖಾಲಿ. ಕೇಳದೆ ತಪ್ಪು ಮಾತ್ರೆ ಕೊಟ್ಟರೆ? ಅದನ್ನು ಯೋಚಿಸಲೂ ಅವರಿಂದ ಆಗಲಿಲ್ಲ. ಹಿತ್ತಲಿಗೆ ಹೋಗುವುದು, ಬರುವುದು, ಡಬ್ಬಿ ತೆರೆಯುವುದು, ಮುಚ್ಚುವುದು. ಗಾಜಿನ ತೊಟ್ಟಿಯಲ್ಲಿ ಮೀನು ಓಡುತ್ತಿದ್ದ ಹಾಗೆ ಅವರೂ ಒಂದೇ ದಾರಿಯಲ್ಲಿ ಸುತ್ತುತ್ತಿದ್ದರು.

ಮಗಳು ಡಿಪೋದ ಚೀಲ ಹೆಗಲಿಗೇರಿಸಿಕೊಂಡೇ ಬಂದಳು. ಬರಿದಾದ ತೊಟ್ಟಿ, ಒದ್ದೆ ನೆಲ, ಬೇಸಿನ್ನಿನಲ್ಲಿ ವಾಲಿದ ಮೀನು ನೋಡಿ ಬಾಗಿಲಲ್ಲೇ ನಿಂತಳು.

“ಅಯ್ಯೋ, ಏನಾಯ್ತು ಇದಕ್ಕೆ?”

ಅವಳೇ ಬಗ್ಗಿ ನೋಡಿ, “ಆ ಅಂಗಡಿಯವಳು ಏನು ಕೊಳೆತ ಗಿಡ ಕೊಟ್ಟಳೋ! ವಯಸ್ಸಾದವರು ಅಂದ್ರೆ ಇವರಿಗೆಲ್ಲ ಸದರ. ಈಗಲೇ ಹೋಗಿ ಮುಖದ ನೀರಿಳಿಸಿ ಬರ್ತೀನಿ,” ಎಂದು ತಿರುಗಿದಳು.

ದಾರಿ ತಾನಾಗಿ ತೆರೆದುಕೊಂಡಿತ್ತು. ನೀರಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹಳೆಯ ನೀರು ತುಂಬಿ ಕೊಟ್ಟವಳ ಒದ್ದೆ ಕೈ ಅವರ ಕಣ್ಣ ಮುಂದೆ ಬಂತು.

“ನಿಲ್ಲು. ಅವಳಲ್ಲ, ನಾನು,” ಎಂದರು. “ಔಷಧಿ ಮುಟ್ಟಿಸಬೇಡಿ ಅಂತ ಅವಳು ಎರಡು ಸಲ ಹೇಳಿದಳಂತೆ. ನನಗೆ ನೆನಪೇ ಇಲ್ಲ. ಮೈಲುತುತ್ತದಲ್ಲಿ ಅದ್ದಿಬಿಟ್ಟೆ.” ಜೇಬಿನಿಂದ ಡಬ್ಬಿ ತೆಗೆದರು. “ಇನ್ನೊಂದು ಮಾತು. ನಿಮ್ಮಮ್ಮನಿಗೆ ನಿನ್ನೆ ಇಡೀದು ಕೊಟ್ಟೆನೋ ಅರ್ಧ ಕೊಟ್ಟೆನೋ, ಅದೂ ಗೊತ್ತಾಗ್ತಿಲ್ಲ.”

ಮಗಳು ಚೀಲವನ್ನು ನೆಲಕ್ಕಿಟ್ಟಳು. ಬೈಯುತ್ತಾಳೆ ಎಂದುಕೊಂಡಿದ್ದರು. ಅವಳು ಬೈಯಲಿಲ್ಲ. ಅವಳ ಮುಖದಲ್ಲಿದ್ದದ್ದು ಹೆದರಿಕೆ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

“ನಿನ್ನೆ ಅರ್ಧ. ಇವತ್ತು ಇಡೀದು,” ಎಂದರು ಟೈಲರಮ್ಮ ಮಂಚದಿಂದ.

ಇಬ್ಬರೂ ತಿರುಗಿದರು.

“ಏನು ಹಾಗೆ ನೋಡ್ತೀರಿ? ನುಂಗೋಳು ನಾನಲ್ವಾ? ನನ್ನ ಗಂಟಲಿಗೆ ಗೊತ್ತಾಗಲ್ವಾ ಇಡೀದು ಯಾವುದು, ಅರ್ಧ ಯಾವುದು ಅಂತ? ಮುರಿದಿರೋದು ಸೊಂಟ ಕಣೇ, ತಲೆಯಲ್ಲ. ಒಬ್ಬರು ಕರ್ಕೊಂಡು ಹೋಗ್ತೀನಿ ಅಂತೀರಿ, ಒಬ್ಬರು ಬಿಡಲ್ಲ ಅಂತೀರಿ. ಮಂಚದ ಮೇಲಿರೋದು ಬಟ್ಟೆ ಗಂಟಾ? ಒಂದು ಸಲ ಕೇಳಿದ್ದೀರಾ ನನ್ನ?”

ನೀರಣ್ಣನ ಉಸಿರು ಹೊರಬಂತು. ಒಂದೇ ಕ್ಷಣ. ಟೈಲರಮ್ಮ ದಿಂಬಿನ ಅಡಿಗೆ ಕೈ ಹಾಕಿ, ಬಟ್ಟೆಯ ಚೂರಿನಲ್ಲಿ ಸುತ್ತಿದ್ದ ಏನನ್ನೋ ಬಿಚ್ಚಿದರು. ಮುರಿದ ಅರ್ಧ ಮಾತ್ರೆಗಳು. ಒಂದಲ್ಲ, ಹಲವು.

“ಇಡೀದು ಕೊಟ್ಟ ಮರುದಿನ ಮತ್ತೆ ಇಡೀದು ಕೊಡ್ತಿದ್ರಿ,” ಎಂದರು ಮೆಲ್ಲಗೆ. “ಅರ್ಧ ಕಡಿದು ನುಂಗಿ, ಅರ್ಧ ಇಲ್ಲಿ ಇಡ್ತಿದ್ದೆ. ಹೇಳಿದ್ರೆ ಇವಳು ನನ್ನನ್ನ ಎತ್ತಿಕೊಂಡು ಹೋಗ್ತಾಳೆ ಅಂತ ಹೇಳಲಿಲ್ಲ. ನನಗೂ ಹೆದರಿಕೆ ಇರಲ್ವಾ?”

ನೀರಣ್ಣ ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕುಸಿದರು. ತಪ್ಪು ಇಂದಿನದಲ್ಲ, ನಿನ್ನೆಯದೂ ಅಲ್ಲ. ತಮಗೆ ಗೊತ್ತೇ ಇಲ್ಲದೆ ದಿನಗಟ್ಟಲೆ ನಡೆದಿದೆ.

ಮಗಳು ಆ ಅರ್ಧ ಮಾತ್ರೆಗಳನ್ನು ಒಂದೊಂದಾಗಿ ಎಣಿಸಿ, “ಅಪ್ಪನ್ನ ಡಾಕ್ಟರಿಗೆ ತೋರಿಸಬೇಕು,” ಎಂದಳು.

“ತೋರಿಸು. ನಾಳೆಯೇ ಕರ್ಕೊಂಡು ಹೋಗು. ಆದ್ರೆ ಡಬ್ಬಿ ಇನ್ನು ನನ್ನ ಹತ್ರ ಇರುತ್ತೆ.” ಟೈಲರಮ್ಮ ಕೈ ಚಾಚಿದರು. “ನನಗೆ ತಲೆ ಇದೆ, ಕಾಲಿಲ್ಲ. ಅವರಿಗೆ ಕಾಲಿದೆ. ಇಬ್ಬರನ್ನೂ ಸೇರಿಸಿ ಹೊಲಿದ್ರೆ ಒಬ್ಬ ಮನುಷ್ಯ ಆಗ್ತೀವಿ. ಬೇರೆ ಬೇರೆ ಕತ್ತರಿಸಿಟ್ರೆ ಎರಡೂ ಚಿಂದಿ.”

ಮಗಳಿಗೆ ನಗುವೂ ಬಂತು, ಅಳುವೂ ಬಂತು. ಅವಳು ಆ ದಿನ ಒಬ್ಬಳೇ ಮನೆಗೆ ಹೋದಳು.

ಡಾಕ್ಟರು ಮರೆವು ಶುರುವಾಗಿದೆ ಎಂದರು. ಇನ್ನೂ ಪರೀಕ್ಷೆಗಳಾಗಬೇಕು, ನಿಧಾನವಾಗಿ ಹೋಗಬಹುದು, ಬೇಗವೂ ಹೋಗಬಹುದು, ಈಗಲೇ ಹೇಳಲಾಗದು ಎಂದರು. ಅಂಗಡಿಯಾಕೆ ನೀರು ಕೊಡುತ್ತಲೇ ಇದ್ದಳು. ಕೆಲವು ದಿನಗಳ ಮೇಲೆ ಮೀನು ನೆಟ್ಟಗೆ ನಿಂತಿತು. ಆಮೇಲೆ ಒಂದು ಬೆಳಿಗ್ಗೆ ಚಿಮಟದಿಂದ ಹುಳ ಕಿತ್ತುಕೊಂಡಿತು. ಮೊದಲಿನ ಹಳದಿ ಮಾತ್ರ ಪೂರ್ತಿ ಮರಳಲಿಲ್ಲ. ಮಗಳ ಮನೆಯ ಬಣ್ಣ ಒಣಗಿದ ಮೇಲೂ ತೊಟ್ಟಿ ಇಲ್ಲೇ ಉಳಿಯಿತು.

ಗಿಡ ಮತ್ತೆ ತರಬೇಕಿತ್ತು. ಮಗಳು ತಾನೇ ತರುತ್ತೇನೆ ಎಂದಳು. ಟೈಲರಮ್ಮ ಒಪ್ಪಲಿಲ್ಲ. “ಇವರೇ ಹೋಗಲಿ. ಹೋಗೋದು ಬಿಟ್ರೆ ಕಾಲೂ ಮರೀತವೆ,” ಎಂದು ಗಂಡನನ್ನು ಹತ್ತಿರ ಕರೆದರು. “ಅವಳು ಏನು ಹೇಳ್ತಾಳೋ ಅದನ್ನ ಬಾಯಲ್ಲಿ ಹಿಡ್ಕೊಂಡು ಬನ್ನಿ. ಎಲ್ಲೂ ಕೆಳಗೆ ಇಡಬೇಡಿ. ತಂದು ನನ್ನ ಕೈಗೆ ಕೊಡಿ.”

ಅವತ್ತು ನಾನು ಕೆಲಸದಿಂದ ಮನೆಗೆ ಬರುತ್ತಿದ್ದೆ. ಎದುರಿಗೆ ನೀರಣ್ಣ ಬರುತ್ತಿದ್ದರು. ಎರಡೂ ಕೈಯಲ್ಲಿ ನೀರು ತುಂಬಿದ ಪಾರದರ್ಶಕ ಚೀಲಗಳು. ಒಂದರಲ್ಲಿ ದಪ್ಪೆಲೆ, ಇನ್ನೊಂದರಲ್ಲಿ ಪಾಚಿಯ ಮುದ್ದೆ, ಚೀಲದ ಒಳಮೈಗೆ ಅಂಟಿದ ಪುಟ್ಟ ಬಸವನಹುಳಗಳು. ಅವರ ತುಟಿಗಳು ಆಡುತ್ತಿದ್ದವು.

“ಏನ್ ನೀರಣ್ಣ, ತೋಟ ಮಾಡ್ತಾ ಇದೀರಾ?” ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. ಸರಿಯಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಮಾತಾಡದೆ ದಾಟಿ ಹೋದರು. ದಾಟುವಾಗ ಅವರ ಗೊಣಗಾಟ ನನಗೆ ಕೇಳಿಸಿತು: “ಮರಳು ಬದಲಾಯಿಸಿ ಆಮೇಲೆ ಗಿಡ. ಮರಳು ಬದಲಾಯಿಸಿ ಆಮೇಲೆ ಗಿಡ.” ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ತುಂಬಿದ ಕೊಡ ತುಳುಕದಂತೆ ಹೆಜ್ಜೆ ಇಡುವವರ ಹಾಗೆ ಹೆಜ್ಜೆ ಇಡುತ್ತಿದ್ದರು.

ನನಗೆ ಏಕೋ ಮನಸ್ಸು ತಡೆಯಲಿಲ್ಲ. ಹಿಂದೆಯೇ ಅವರ ಬಾಗಿಲವರೆಗೆ ಹೋದೆ.

“ಮರಳು ಬದಲಾಯಿಸಿ ಆಮೇಲೆ ಗಿಡ!” ಹೊಸಿಲು ದಾಟುತ್ತಲೇ ನೀರಣ್ಣ ಕೂಗಿದರು. “ಹಳೇ ಮರಳಲ್ಲೂ ತಾಮ್ರ ಇರುತ್ತಂತೆ.”

“ಬಂತು, ನನ್ನ ಕೈಗೆ ಬಂತು,” ಎಂದರು ಟೈಲರಮ್ಮ, ನಿಜವಾಗಿಯೂ ಏನನ್ನೋ ಹಿಡಿದವರಂತೆ ಮುಷ್ಟಿ ಬಿಗಿದು. “ಇನ್ನು ನೀವು ಬಿಡಿ. ಕೂತ್ಕೊಳ್ಳಿ. ಏನು ಇಷ್ಟು ಬೆವರು? ದಾರೀಲಿ ಯಾರಾದ್ರೂ ಸಿಕ್ಕಿದ್ರಾ?”

ನೀರಣ್ಣ ಚೀಲಗಳನ್ನು ಜೋಪಾನವಾಗಿ ಮೇಜಿನ ಮೇಲಿಟ್ಟರು. ನೆಮ್ಮದಿಯಿಂದ ನಕ್ಕರು.

“ಇಲ್ಲ. ಯಾರೂ ಸಿಗಲಿಲ್ಲ.”

ಅವರ ಹೆಗಲ ಮೇಲಿಂದ ಟೈಲರಮ್ಮ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಮಾತಾಡಬೇಡ ಎಂಬಂತೆ ಬೆರಳು ಆಡಿಸಿದರು. ನಾನು ಮೆಟ್ಟಿಲಿಳಿದು ಬಂದೆ.